ಕಣಕಾಲಿನ ಕಾವಲು: ಜಿಪಿಎಸ್ ಕಾಲ್ಕಡಗವೂ ಜಾಮೀನಿನ ಪ್ರಶ್ನೆಯೂ

2023ರ ನವೆಂಬರ್ ತಿಂಗಳಲ್ಲಿ ಜಮ್ಮುವಿನ ವಿಶೇಷ ನ್ಯಾಯಾಲಯವೊಂದು ಭಯೋತ್ಪಾದನೆಯ ಆರೋಪ ಹೊತ್ತ ವ್ಯಕ್ತಿಯೊಬ್ಬನನ್ನು ಜಾಮೀನಿನ ಮೇಲೆ ಬಿಡುವಾಗ, ಅವನ ಕಾಲಿಗೆ ಜಿಪಿಎಸ್ ಸಾಧನವನ್ನು ತೊಡಿಸಬೇಕೆಂದು ಆದೇಶಿಸಿತು. ಜಮ್ಮು-ಕಾಶ್ಮೀರದ ಪೊಲೀಸರು ಅದನ್ನು ತೊಡಿಸಿದರು. ದೇಶದಲ್ಲಿ ಇಂಥದೊಂದನ್ನು ಬಳಕೆಗೆ ತಂದವರಲ್ಲಿ ತಾವೇ ಮೊದಲಿಗರೆಂದು ಪ್ರಕಟಿಸಿದರು. ಎಂಟು ತಿಂಗಳು ಕಳೆಯುವಷ್ಟರಲ್ಲಿ, 2024ರ ಜುಲೈ 8ರಂದು, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಅಭಯ ಓಕ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠ ಮತ್ತೊಂದು ಪ್ರಕರಣದಲ್ಲಿ ತೀರ್ಪಿತ್ತಿತು. ಮಾದಕವಸ್ತು ಕಾಯಿದೆಯಡಿ ಬಂಧಿತನಾಗಿದ್ದ ನೈಜೀರಿಯಾ ದೇಶದ ಪ್ರಜೆಯೊಬ್ಬನಿಗೆ ಜಾಮೀನು ಕೊಡುವಾಗ, ಅವನು ಗೂಗಲ್ ನಕ್ಷೆಯಲ್ಲಿ ತನ್ನ ನೆಲೆಯನ್ನು ಗುರುತಿಸಿ ತನಿಖಾಧಿಕಾರಿಗೆ ಕಾಣುವಂತೆ ಇಡಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ ಷರತ್ತು ಹಾಕಿತ್ತು. ಆ ಷರತ್ತನ್ನು ಸರ್ವೋಚ್ಚ ನ್ಯಾಯಾಲಯ ಕಿತ್ತುಹಾಕಿತು. ಆರೋಪಿಯ ಚಲನವಲನವನ್ನು ಪೊಲೀಸರು ಸದಾಕಾಲ ಹಿಂಬಾಲಿಸಲು ಅನುವಾಗುವ ಷರತ್ತು ಸಂವಿಧಾನದ 21ನೆಯ ವಿಧಿ ಕೊಟ್ಟ ಖಾಸಗಿತನದ ಹಕ್ಕಿಗೆ ವಿರುದ್ಧವಾದುದು ಎಂಬುದು ತೀರ್ಪಿನ ಸಾರ.

ಒಂದು ಕಡೆ ಕಾಲಿಗೆ ಕಟ್ಟಿದ ಸಾಧನ; ಮತ್ತೊಂದು ಕಡೆ, ಕೈಯಲ್ಲಿರುವ ಮೊಬೈಲಿನ ನಕ್ಷೆಯಲ್ಲೊಂದು ಗುರುತು ಇಡುವುದೂ ಸಲ್ಲದೆಂಬ ತೀರ್ಪು. ಎರಡೂ ಒಂದೇ ದೇಶದಲ್ಲಿ, ಒಂದೇ ಸಂವಿಧಾನದ ಅಡಿಯಲ್ಲಿ ನಡೆದಿವೆ. ಈ ಸಾಧನ ಯಾವುದು, ಹೇಗೆ ಕೆಲಸ ಮಾಡುತ್ತದೆ, ಎಲ್ಲಿಂದ ಬಂದಿತು, ಯಾರ ಕಾಲಿಗೆ ಬೀಳಲಿದೆ ಎಂಬುದನ್ನು ತಿಳಿಯದೆ ಈ ವೈರುಧ್ಯವನ್ನು ಬಿಡಿಸುವುದು ಸಾಧ್ಯವಿಲ್ಲ.

ಮೊದಲು ಹೆಸರಿನ ಮಾತು. ಇಂಗ್ಲಿಷಿನವರು ಇದನ್ನು ಆಭರಣದ ಹೆಸರಿನಿಂದ ಕರೆದರು. ಕನ್ನಡ ಪತ್ರಿಕೆಗಳು ಕೆಲವೊಮ್ಮೆ ಜಿಪಿಎಸ್ ಟ್ರ್ಯಾಕರ್ ಎಂದೇ ಬರೆಯುತ್ತವೆ. ಗೆಜ್ಜೆ, ಕಾಲುಂಗುರ, ಕಡಗ, ಪೆಂಡೆಯ ಎಂದು ಕಾಲಿನ ತೊಡಿಗೆಗಳಿಗೆ ಕನ್ನಡದಲ್ಲಿ ಹೆಸರಿಗೇನೂ ಬರವಿಲ್ಲ. ಅವುಗಳ ನಡುವೆ ಹಳಗನ್ನಡದ ‘ತೊಡರ್’ ಎಂಬ ಪದ ಕುತೂಹಲ ಹುಟ್ಟಿಸುವಂಥದು: ವೀರನ ಕಾಲಿನ ಬಿರುದಿನ ಬಳೆಗೂ ಅದೇ ಪದ, ಸೆರೆಯಾಳಿನ ಕಾಲಿನ ಸಂಕೋಲೆಗೂ ಅದೇ ಪದ. ಈ ಹೊಸ ಸಾಧನದಲ್ಲಿ ಬಿರುದಿನ ಅರ್ಥ ಏನೂ ಉಳಿದಿಲ್ಲವೆಂಬುದು ನಿಜ. ಆದರೂ ಅದು ಶುದ್ಧ ಬೇಡಿಯೂ ಅಲ್ಲ. ಬೇಡಿ ನಡಿಗೆಯನ್ನೇ ತಡೆಯುತ್ತದೆ, ಇದು ನಡೆಯಲು ಬಿಟ್ಟು ಬರೆದುಕೊಳ್ಳುತ್ತದೆ. ಮರಾಠಿಯಲ್ಲಿ ಗೃಹಬಂಧನಕ್ಕೆ ‘ನಜರಕೈದ’ ಎನ್ನುವರು, ಎಂದರೆ ನೋಟದ ಸೆರೆ. ಗೋಡೆಯಿಲ್ಲದೆ ಬರಿಯ ದೃಷ್ಟಿಯಿಂದಲೇ ಕಟ್ಟಿದ ಸೆರೆಗೆ ಇದಕ್ಕಿಂತ ಒಪ್ಪುವ ಪದ ಸಿಗುವುದು ಕಷ್ಟ. ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಕಡೆಯ ಕನ್ನಡಿಗರಿಗೆ ಆ ಪದ ಹೊರಗಿನದೂ ಅಲ್ಲ. ಸದ್ಯಕ್ಕೆ ಇಲ್ಲಿ ಕಾಲ್ಕಡಗವೆಂಬ ಪದವನ್ನು ಬಳಸಲಾಗಿದೆ.

ಕಾಲ್ಕಡಗದ ಹುಟ್ಟಿನ ಕಥೆ ಅದರ ಇಂದಿನ ಬಳಕೆಗೆ ತೀರ ವಿರುದ್ಧ ದಿಕ್ಕಿನದು. 1960ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಓದುತ್ತಿದ್ದ ಅವಳಿ ಸಹೋದರರಿಬ್ಬರು, ಶ್ವಿಟ್ಜ್‌ಗೆಬೆಲ್ ಮನೆತನದವರು (ಮುಂದೆ ಗೇಬಲ್ ಎಂದು ಹೆಸರು ಬದಲಿಸಿಕೊಂಡವರು), ದಾರಿತಪ್ಪಿದ ಯುವಕರ ಮೈಗೆ ರೇಡಿಯೋ ಸಾಧನ ಕಟ್ಟಿ ಪ್ರಯೋಗ ನಡೆಸಿದರು. ಯುವಕನು ಹೇಳಿದ ಹೊತ್ತಿಗೆ ಶಾಲೆಗೋ ಕೆಲಸಕ್ಕೋ ಚಿಕಿತ್ಸೆಗೋ ಬಂದರೆ ಅದನ್ನು ಅರಿತು ಅವನಿಗೆ ಬಹುಮಾನ ಕೊಡುವುದು ಅವರ ಉದ್ದೇಶವಾಗಿತ್ತು. ಒಳ್ಳೆಯ ನಡತೆಗೆ ಕೂಡಲೇ ಮೆಚ್ಚುಗೆ ದೊರೆತರೆ ನಡತೆ ನಿಲ್ಲುತ್ತದೆ ಎಂಬ ಅಂದಿನ ಮನೋವಿಜ್ಞಾನದ ನಂಬಿಕೆ ಅದರ ಬೆನ್ನಿಗಿತ್ತು. ಸಾಧನಕ್ಕೆ 1969ರಲ್ಲಿ ಪೇಟೆಂಟ್ ದೊರೆಯಿತಾದರೂ ಆಗ ಯಾರೂ ಅದನ್ನು ಕೊಳ್ಳಲಿಲ್ಲ. ಮುಂದೆ ಲೋಕವೆಲ್ಲ ಅದನ್ನು ಕೊಂಡಾಗ ಬಹುಮಾನದ ಭಾಗ ಕಳಚಿಬಿದ್ದಿತ್ತು, ಶಿಕ್ಷೆಯ ಭಾಗವಷ್ಟೇ ಉಳಿದಿತ್ತು. ತಮ್ಮ ಕಲ್ಪನೆ ಹೀಗೆ ತಿರುಗಿದ್ದನ್ನು ಕುರಿತು ಆ ಸಹೋದರರು ವಿಷಾದದಿಂದಲೇ ಬರೆದಿದ್ದಾರೆ.

ನ್ಯಾಯಾಲಯಕ್ಕೆ ಅದನ್ನು ತಂದವರು ನ್ಯೂ ಮೆಕ್ಸಿಕೋ ಸಂಸ್ಥಾನದ ಆಲ್ಬಕರ್ಕಿ ನಗರದ ನ್ಯಾಯಾಧೀಶ ಜ್ಯಾಕ್ ಲವ್. 1977ರಲ್ಲಿ ಪತ್ರಿಕೆಯೊಂದರಲ್ಲಿ ಬರುತ್ತಿದ್ದ ಸ್ಪೈಡರ್‌ಮ್ಯಾನ್ ಚಿತ್ರಕಥೆಯಲ್ಲಿ ಖಳನು ನಾಯಕನ ಕೈಗೆ ಜಾಡು ಹಿಡಿಯುವ ಬಳೆಯೊಂದನ್ನು ತೊಡಿಸುವ ಪ್ರಸಂಗವಿತ್ತು. ಅದನ್ನು ಓದಿದ ನ್ಯಾಯಾಧೀಶರಿಗೆ ಇದು ನಿಜವಾಗಿಯೂ ಏಕಾಗಬಾರದು ಎನಿಸಿತು. ಮೈಕೆಲ್ ಗಾಸ್ ಎಂಬ ಕಂಪ್ಯೂಟರ್ ಮಾರಾಟಗಾರ ಸಾಧನವನ್ನು ರೂಪಿಸಿದ. ಲವ್ ಅವರು ಅದನ್ನು ಮೊದಲು ತಮ್ಮ ಕಾಲಿಗೇ ಕಟ್ಟಿಕೊಂಡು ಕೆಲವು ವಾರ ತಿರುಗಿ ನೋಡಿ, 1983ರಲ್ಲಿ ಮೊದಲ ಅಪರಾಧಿಗೆ ತೊಡಿಸಿದರು. ಕಾನೂನಿನ ಚರಿತ್ರೆಯಲ್ಲಿ ಖಳನಾಯಕನ ಉಪಾಯವನ್ನು ನ್ಯಾಯಪೀಠ ಎರವಲು ಪಡೆದ ನಿದರ್ಶನಗಳು ಹೆಚ್ಚಿರಲಾರವು. ಆ ಮೊದಲ ಸಾಧನಕ್ಕೆ ಉಪಗ್ರಹದ ಸಂಬಂಧವೇ ಇರಲಿಲ್ಲ. ಕಾಲಿನ ಪೆಟ್ಟಿಗೆ ರೇಡಿಯೋ ಸಂಕೇತ ಬಿಡುತ್ತಿತ್ತು, ಮನೆಯ ದೂರವಾಣಿಗೆ ಜೋಡಿಸಿದ ಯಂತ್ರ ಅದನ್ನು ಹಿಡಿಯುತ್ತಿತ್ತು. ಸಂಕೇತ ತಪ್ಪಿದರೆ ಆಸಾಮಿ ಮನೆಯಲ್ಲಿಲ್ಲ ಎಂದಷ್ಟೇ ತಿಳಿಯುತ್ತಿತ್ತು, ಎಲ್ಲಿದ್ದಾನೆಂದು ತಿಳಿಯುತ್ತಿರಲಿಲ್ಲ. ಆ ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟದ್ದು ಜಿಪಿಎಸ್. ಅಮೆರಿಕದ ಸೇನೆ ಕಟ್ಟಿದ ಆ ಉಪಗ್ರಹ ವ್ಯವಸ್ಥೆ 1995ರಲ್ಲಿ ಪೂರ್ಣಗೊಂಡಿತು. ನಾಗರಿಕರಿಗೆ ಸಿಗುವ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವ ಪದ್ಧತಿಯನ್ನು 2000ದ ಮೇ ತಿಂಗಳಲ್ಲಿ ಕೈಬಿಡಲಾಯಿತು.

ಇಲ್ಲಿ ಬಹಳ ಜನರಲ್ಲಿ ಬೇರೂರಿದ ತಪ್ಪು ತಿಳಿವಳಿಕೆಯೊಂದನ್ನು ಬಿಡಿಸಬೇಕು. ಉಪಗ್ರಹವು ಮೇಲಿನಿಂದ ಮನುಷ್ಯನನ್ನು ನೋಡುವುದಿಲ್ಲ. ಕಾಲ್ಕಡಗವೂ ಉಪಗ್ರಹಕ್ಕೆ ಏನನ್ನೂ ಹೇಳುವುದಿಲ್ಲ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಒಂದೇ ಮಾತನ್ನು ಎಡೆಬಿಡದೆ ಸಾರುತ್ತಿರುತ್ತವೆ: ತಾನು ಯಾರು, ತಾನೀಗ ಎಲ್ಲಿ, ತನ್ನ ಗಡಿಯಾರದಲ್ಲಿ ಈಗ ಸಮಯವೆಷ್ಟು. ಗುಡಿಯ ಗಂಟೆಯಂತೆ, ಯಾರು ಕೇಳಿದರೆಂಬುದು ಬಾರಿಸಿದವರಿಗೆ ತಿಳಿಯದು. ಆ ಸಂಕೇತ ಬೆಳಕಿನ ವೇಗದಲ್ಲಿ ಹೊರಟರೂ ನೆಲಕ್ಕೆ ಬಂದು ಮುಟ್ಟಲು ಒಂದು ಸೆಕೆಂಡಿನ ಸುಮಾರು ಹದಿನೈದನೆಯ ಒಂದು ಭಾಗ ಹಿಡಿಯುತ್ತದೆ. ಹೊರಟ ಹೊತ್ತು ಸಂಕೇತದಲ್ಲೇ ಇರುತ್ತದೆ, ಬಂದ ಹೊತ್ತು ಸಾಧನಕ್ಕೆ ತಿಳಿದಿರುತ್ತದೆ. ನಡುವಿನ ಅಂತರದಿಂದ ದೂರ ಸಿಗುತ್ತದೆ. ಒಂದು ಉಪಗ್ರಹದಿಂದ ಇಷ್ಟು ದೂರ, ಇನ್ನೊಂದರಿಂದ ಇಷ್ಟು, ಮತ್ತೊಂದರಿಂದ ಇಷ್ಟು ಎಂದು ಮೂರು ದೂರಗಳು ದೊರೆತರೆ ನೆಲದ ಮೇಲಿನ ತಾಣ ಗೊತ್ತಾಗಬೇಕು. ಆದರೆ ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ, ಕಾಲಿನ ಸಾಧನದಲ್ಲಿರುವುದು ಅಗ್ಗದ ಗಡಿಯಾರ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಹೆಚ್ಚುಕಡಿಮೆಯಾದರೂ ದೂರದಲ್ಲಿ 300 ಮೀಟರಿನ ತಪ್ಪು ಬೀಳುತ್ತದೆ. ಆ ಗಡಿಯಾರದ ತಪ್ಪನ್ನು ತಿದ್ದಿಕೊಳ್ಳಲು ನಾಲ್ಕನೆಯ ಉಪಗ್ರಹ ಬೇಕು.

ಹೀಗೆ ಲೆಕ್ಕಹಾಕಿದ ತಾಣವನ್ನು ಹೊರಗೆ ಹೇಳುವುದು ಬೇರೆಯೇ ಕೆಲಸ. ಅದನ್ನು ಮಾಡುವುದು ಸಾಧನದೊಳಗಿನ ಸಿಮ್. ಮೊಬೈಲ್ ಗೋಪುರದ ಮೂಲಕ ಸುದ್ದಿ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತದೆ. ಗೋಪುರದ ಆಸರೆಯಿಲ್ಲದ ಕಡೆ ಸಾಧನ ತಾಣಗಳನ್ನು ನೆನಪಿನಲ್ಲಿಟ್ಟುಕೊಂಡು, ಆಸರೆ ಸಿಕ್ಕಾಗ ಒಟ್ಟಿಗೆ ಒಪ್ಪಿಸುತ್ತದೆ. ಆದ್ದರಿಂದ ಕಾಲ್ಕಡಗದ ಸಾಮರ್ಥ್ಯ ಆಕಾಶದ ಉಪಗ್ರಹವನ್ನು ಎಷ್ಟು ನೆಚ್ಚಿದೆಯೋ ಊರಿನ ಮೊಬೈಲ್ ಗೋಪುರವನ್ನೂ ಅಷ್ಟೇ ನೆಚ್ಚಿದೆ. ಕೇಂದ್ರದ ಕಂಪ್ಯೂಟರಿನ ನಕ್ಷೆಯ ಮೇಲೆ ಅದೃಶ್ಯವಾದ ಬೇಲಿಗಳನ್ನು ಮೊದಲೇ ಎಳೆದಿರುತ್ತಾರೆ. ರಾತ್ರಿ ಇಂತಿಷ್ಟು ಹೊತ್ತು ಈ ಬೇಲಿಯ ಒಳಗಿರಬೇಕು. ದೂರುಕೊಟ್ಟ ಹೆಣ್ಣುಮಗಳ ಮನೆಯ ಸುತ್ತಲಿನ ಆ ಬೇಲಿಯೊಳಗೆ ಎಂದೂ ಹೋಗಬಾರದು. ಗೆರೆ ದಾಟಿದರೆ ಕೇಂದ್ರದಲ್ಲಿ ಎಚ್ಚರಿಕೆ ಮೊಳಗುತ್ತದೆ. ಪಟ್ಟಿಯೊಳಗೆ ಬೆಳಕಿನ ತಂತುವೊಂದು ಹಾದಿರುತ್ತದೆ. ಕತ್ತರಿಸಿದರೆ ಬೆಳಕಿನ ಓಟ ಕಡಿದು ಕೂಡಲೇ ಗೊತ್ತಾಗುತ್ತದೆ. ನೀರಿನಿಂದ ಕೆಡುವುದಿಲ್ಲ, ಸ್ನಾನಕ್ಕೆ ತೊಂದರೆಯಿಲ್ಲ.

ತೊಂದರೆಯಿರುವುದು ಬ್ಯಾಟರಿಯಲ್ಲಿ. ಒಂದೆರಡು ದಿನಕ್ಕಿಂತ ಹೆಚ್ಚು ಅದು ತಾಳುವುದು ಅಪರೂಪ. ತೊಟ್ಟವನು ದಿನಕ್ಕೆ ಒಂದೆರಡು ಗಂಟೆ ಗೋಡೆಯ ಪಕ್ಕದಲ್ಲಿ ಕೂತು ತನ್ನ ಕಾಲನ್ನು ಚಾರ್ಜಿಗೆ ಹಾಕಿಕೊಳ್ಳಬೇಕು. ಸಾಧನ ಸತ್ತರೆ ತಪ್ಪು ತೊಟ್ಟವನ ಮೇಲೆ ಬರುತ್ತದೆ, ಆ ಹೊತ್ತಿಗೆ ಊರಿನಲ್ಲಿ ಕರೆಂಟು ಇತ್ತೇ ಎಂದು ಕಂಪ್ಯೂಟರ್ ಕೇಳುವುದಿಲ್ಲ. ಎತ್ತರದ ಕಟ್ಟಡಗಳ ನಡುವೆ ಸಂಕೇತ ಗೋಡೆಗೆ ತಾಗಿ ಪುಟಿದು ಬರುವುದರಿಂದ ತಾಣ ಹತ್ತಾರು ಮೀಟರ್ ಆಚೀಚೆ ಜಾರುತ್ತದೆ. ಕಾಂಕ್ರೀಟು ಛಾವಣಿಯ ಕೆಳಗೆ ಕೆಲವೊಮ್ಮೆ ಸಿಗುವುದೇ ಇಲ್ಲ. ಮಲಗಿ ನಿದ್ರಿಸುತ್ತಿದ್ದವನು ನಕ್ಷೆಯಲ್ಲಿ ಬೇಲಿ ಹಾರಿ ಬೀದಿಗೆ ಹೋದಂತೆ ತೋರಬಹುದು.

ಇಷ್ಟೆಲ್ಲ ಇದ್ದರೂ ಇದು ಕೈಲಾಗದ ಸಾಧನವೆಂದು ತಳ್ಳಿಹಾಕುವಂತಿಲ್ಲ. ಫ್ಲೋರಿಡಾ ಸಂಸ್ಥಾನದಲ್ಲಿ ಐದು ಸಾವಿರಕ್ಕೂ ಹೆಚ್ಚು ನಿಗಾ ಸಾಧನಧಾರಿ ಅಪರಾಧಿಗಳನ್ನು, ಸಾಧನವಿಲ್ಲದ ಎರಡೂವರೆ ಲಕ್ಷಕ್ಕೂ ಹೆಚ್ಚು ಅಪರಾಧಿಗಳೊಂದಿಗೆ ಹೋಲಿಸಿ ಅಲ್ಲಿನ ವಿಶ್ವವಿದ್ಯಾಲಯವೊಂದು 2010ರಲ್ಲಿ ವರದಿ ಕೊಟ್ಟಿತು. ಸಾಧನ ತೊಟ್ಟವರು ಷರತ್ತು ಮುರಿಯುವ ಅಥವಾ ಮತ್ತೆ ಅಪರಾಧವೆಸಗುವ ಸಂಭವ ಶೇಕಡಾ 31ರಷ್ಟು ಕಡಿಮೆಯೆಂದು ಕಂಡುಬಂದಿತು. ಅದೇ ವರದಿ, ಸಾಧನ ತೊಟ್ಟವರಿಗೆ ಕೆಲಸ ಸಿಗುವುದೂ ಉಳಿಸಿಕೊಳ್ಳುವುದೂ ಕಷ್ಟವೆಂದು, ಮಡದಿಮಕ್ಕಳ ಮೇಲೂ ಅದರ ನೆರಳು ಬೀಳುತ್ತದೆಂದು ದಾಖಲಿಸಿದೆ. ಪರವಾಗಿ ವಾದಿಸುವವರು ಮೊದಲ ಅರ್ಧವನ್ನೂ ವಿರೋಧಿಸುವವರು ಎರಡನೆಯ ಅರ್ಧವನ್ನೂ ಉಲ್ಲೇಖಿಸುವುದು ರೂಢಿ. ಆ ಅಧ್ಯಯನ ನಡೆದದ್ದು ಶಿಕ್ಷೆಯಾದ ಅಪರಾಧಿಗಳ ಮೇಲೆ ಎಂಬುದನ್ನು ಇಬ್ಬರೂ ಮರೆಯುತ್ತಾರೆ. ವಿಚಾರಣೆಯೇ ಮುಗಿಯದವರಿಗೆ ಅದನ್ನು ಹಾಗೆಯೇ ಅನ್ವಯಿಸಲಾಗದು.

ದಕ್ಷಿಣ ಕೊರಿಯಾ 2008ರ ಸೆಪ್ಟೆಂಬರಿನಿಂದ ಲೈಂಗಿಕ ಅಪರಾಧಿಗಳಿಗೆ ಕಾಲ್ಕಡಗ ತೊಡಿಸತೊಡಗಿತು. ಮುಂದೆ ಕೊಲೆ, ಅಪಹರಣ, ದರೋಡೆಗಳಿಗೂ ಅದನ್ನು ವಿಸ್ತರಿಸಿತು. 2021ರ ಆಗಸ್ಟಿನಲ್ಲಿ ಸೋಲ್ ನಗರದಲ್ಲಿ ಅಂಥ ಕಡಗ ತೊಟ್ಟವನೊಬ್ಬ ಅದನ್ನು ಕತ್ತರಿಸುವ ಮೊದಲು ಒಬ್ಬ ಹೆಂಗಸನ್ನೂ, ಕತ್ತರಿಸಿದ ಮೇಲೆ ಮತ್ತೊಬ್ಬಳನ್ನೂ ಕೊಂದ. ಕಡಗಕ್ಕೆ ಕಾಲು ಎಲ್ಲಿದೆಯೆಂಬುದು ತಿಳಿಯುತ್ತದೆ, ಕೈ ಏನು ಮಾಡುತ್ತಿದೆಯೆಂಬುದು ತಿಳಿಯದು. ಇಂಗ್ಲೆಂಡಿನ ಅನುಭವ ಬೇರೆ ತೆರನಾದುದು. ಅಲ್ಲಿ 1989ರಲ್ಲಿ ಪ್ರಯೋಗ ಶುರುವಾಗಿ 1999ರಿಂದ ವ್ಯಾಪಕ ಬಳಕೆಗೆ ಬಂದಿತು, ಕೆಲಸವನ್ನು ಖಾಸಗಿ ಕಂಪನಿಗಳಿಗೆ ವಹಿಸಲಾಯಿತು. 2011ರಲ್ಲಿ ಅಂಥ ಕಂಪನಿಯ ನೌಕರರು ಆಸಾಮಿಯೊಬ್ಬನ ಬ್ಯಾಂಡೇಜು ಸುತ್ತಿದ ಕಾಲಿಗೆ ಕಡಗ ತೊಡಿಸಿ ಹೋದರು. ಅದು ಅವನ ಕೃತಕ ಕಾಲು ಎಂದು ಆಮೇಲೆ ತಿಳಿಯಿತು. ಕಾಲನ್ನೇ ಬಿಚ್ಚಿ ಮನೆಯಲ್ಲಿಟ್ಟು ಆತ ಹೊರಗೆ ತಿರುಗಾಡಿಕೊಂಡಿದ್ದ. ನಗು ತರಿಸುವ ಈ ಪ್ರಸಂಗಕ್ಕಿಂತ ಗಂಭೀರವಾದದ್ದು 2013ರಲ್ಲಿ ಹೊರಬಿತ್ತು: ಸತ್ತವರ, ಮರಳಿ ಜೈಲು ಸೇರಿದವರ, ದೇಶ ಬಿಟ್ಟವರ ಹೆಸರಿನಲ್ಲಿಯೂ ಕಡಗದ ಬಾಡಿಗೆಯನ್ನು ಸರಕಾರದಿಂದ ವಸೂಲು ಮಾಡಲಾಗಿತ್ತು. ಅಮೆರಿಕದ ಅನೇಕ ಕಡೆಗಳಲ್ಲಿಯಾದರೆ ಬಾಡಿಗೆಯನ್ನು ತೊಟ್ಟವನೇ ದಿನದ ಲೆಕ್ಕದಲ್ಲಿ ತೆರಬೇಕು. ಕೊಡಲಾರದವನು ಷರತ್ತು ಮುರಿದವನಾಗುತ್ತಾನೆ.

ಭಾರತದಲ್ಲಿ ಈ ಪ್ರಶ್ನೆ ಅಪರಾಧಿಗಳದಲ್ಲ, ಬಹುಮಟ್ಟಿಗೆ ಆರೋಪಿಗಳದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ 2022ರ ಅಂಕಿಅಂಶದಂತೆ ದೇಶದ ಸೆರೆಮನೆಗಳಲ್ಲಿ 5,73,220 ಮಂದಿಯಿದ್ದರು. ಅವರಲ್ಲಿ 4,34,302 ಮಂದಿ, ಎಂದರೆ ನಾಲ್ವರಲ್ಲಿ ಮೂವರು, ವಿಚಾರಣಾಧೀನರು. ನೂರು ಜನರ ಜಾಗದಲ್ಲಿ 131 ಜನ. ಈ ಇಕ್ಕಟ್ಟನ್ನು ಬಿಡಿಸಲು ಕಾಲ್ಕಡಗ ನೆರವಾದೀತೆಂಬ ಮಾತು ಆಗಾಗ ಕೇಳಿಬರುತ್ತಿದೆ. ಕಾನೂನು ಆಯೋಗ 2017ರ ತನ್ನ 268ನೆಯ ವರದಿಯಲ್ಲಿ ಇದನ್ನು ಬಹಳ ಎಚ್ಚರದಿಂದ, ಘೋರ ಅಪರಾಧಗಳಿಗೆ ಮಾತ್ರ ಬಳಸಬಹುದೆಂದಿತು. ಕೇಂದ್ರ ಗೃಹ ಸಚಿವಾಲಯ 2023ರಲ್ಲಿ ರೂಪಿಸಿದ ಮಾದರಿ ಕಾರಾಗೃಹ ಕಾಯಿದೆ, ರಜೆಯ ಮೇಲೆ ಹೊರಹೋಗುವ ಕೈದಿ ಜಾಡು ಹಿಡಿಯುವ ಸಾಧನ ತೊಡಲು ಸಮ್ಮತಿಸಬೇಕೆಂಬ ಷರತ್ತಿಗೆ ಅವಕಾಶ ಕೊಟ್ಟಿದೆ. ಸೆರೆಮನೆ ರಾಜ್ಯಗಳ ವಿಷಯವಾದುದರಿಂದ ಒಪ್ಪುವುದು ಬಿಡುವುದು ಆಯಾ ರಾಜ್ಯಕ್ಕೆ ಸೇರಿದ್ದು.

ವಿಚಾರಣಾಧೀನರು ಒಳಗೆ ಉಳಿಯುವುದು ಏಕೆ ಎಂಬುದನ್ನು ನೋಡಿದರೆ ಕಡಗದ ಮಿತಿ ಸ್ಪಷ್ಟವಾಗುತ್ತದೆ. ಓಡಿಹೋಗುವ ಭಯಕ್ಕಿಂತ ಹೆಚ್ಚಾಗಿ ಬಡತನ ಅವರನ್ನು ಒಳಗಿರಿಸಿದೆ. ಜಾಮೀನಿನ ಆದೇಶವಾಗಿಯೂ ಹೊಣೆನಿಲ್ಲುವವರು ಸಿಗದೆ ಜೈಲಿನಲ್ಲಿ ಉಳಿದವರ ಸಲುವಾಗಿಯೇ ಸರ್ವೋಚ್ಚ ನ್ಯಾಯಾಲಯ 2023ರ ಆರಂಭದಲ್ಲಿ ಪ್ರತ್ಯೇಕ ನಿರ್ದೇಶನಗಳನ್ನು ಕೊಡಬೇಕಾಯಿತು. ಇದು ಹಳೆಯ ವ್ಯಾಧಿ. 1978ರ ಮೋತಿರಾಮ್ ಪ್ರಕರಣದಲ್ಲಿ ಗಾರೆ ಕೆಲಸದ ಬಡವನೊಬ್ಬನಿಗೆ ಕೆಳಗಿನ ನ್ಯಾಯಾಲಯ 10,000 ರೂಪಾಯಿಯ ಜಾಮೀನು ಕೇಳಿತ್ತು. ಸಹೋದರನು ಹೊಣೆನಿಲ್ಲಲು ಬಂದರೆ ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ತಿರಸ್ಕರಿಸಿತ್ತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ತಮ್ಮ ತೀರ್ಪಿನಲ್ಲಿ ಎತ್ತಿದ ಪ್ರಶ್ನೆ ಗಡಿನಾಡಿನ ಓದುಗರಿಗೆ ನೇರವಾಗಿ ತಟ್ಟುವಂಥದು: ಮಲೆಯಾಳಿಯೋ ಕನ್ನಡಿಗನೋ ತಮಿಳನೋ ತೆಲುಗನೋ ದೂರದ ಬಸ್ತರಿನಲ್ಲಿ, ಪೋರ್ಟ್ ಬ್ಲೇರಿನಲ್ಲಿ, ದಿಲ್ಲಿಯ ಚಾಂದನಿ ಚೌಕದಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿಯುಳ್ಳ ಹೊಣೆಗಾರರನ್ನು ಎಲ್ಲಿಂದ ತಂದಾನು? ಇಂಥವನಿಗೆ, ಹೊಣೆಗಾರನ ಬದಲು ಕಾಲ್ಕಡಗವಾದರೂ ಸಾಕು, ಮನೆಗೆ ಹೋದರಾಯಿತು ಎನಿಸುವುದು ಸಹಜ. ಕಡಗದ ಪರವಾದ ಅತ್ಯಂತ ಬಲವಾದ ವಾದ ಇದೇ. ಆಸ್ತಿಯ ಜಾಗದಲ್ಲಿ ಸಾಧನ ನಿಂತು, ಬಡವ ಬಲ್ಲಿದರ ನಡುವಣ ಅಂತರ ಅಳಿಯುವುದಾದರೆ ಅದು ಸಣ್ಣ ಲಾಭವೇನಲ್ಲ.

ಆದರೆ ಲೋಕದ ಅನುಭವ ಹೇಳುವುದು, ಕಡಗ ಸೆರೆಮನೆಯ ಜಾಗಕ್ಕೆ ಬರುವುದಕ್ಕಿಂತ ಸ್ವಾತಂತ್ರ್ಯದ ಜಾಗಕ್ಕೆ ಬರುವುದು ಸುಲಭವೆಂದು. ಮೊದಲು ಬರಿಯ ಮುಚ್ಚಳಿಕೆಯ ಮೇಲೆ ಬಿಡುಗಡೆಯಾಗುತ್ತಿದ್ದವನಿಗೂ ‘ಇರಲಿ’ ಎಂದು ಕಡಗ ತೊಡಿಸುವ ಅಭ್ಯಾಸ ಬೆಳೆಯುತ್ತದೆ. ಬಲೆ ಅಗಲವಾಗುತ್ತದೆ, ಜೈಲು ಖಾಲಿಯಾಗುವುದಿಲ್ಲ.

ಗಡಿಯ ಮಾತು ಇನ್ನೂ ಒಂದಿದೆ. ಅಕ್ಕಲಕೋಟ ತಾಲೂಕಿನ ದುಧನಿಯ ರೈತನೊಬ್ಬನಿಗೆ ಜಿಲ್ಲೆ ಬಿಟ್ಟು ಹೋಗಬಾರದೆಂಬ ಷರತ್ತಿನೊಂದಿಗೆ ಜಾಮೀನು ದೊರೆತಿದೆಯೆಂದು ಭಾವಿಸೋಣ. ಅವನ ಹೊಲದ ಒಂದು ಪಟ್ಟಿ ಅಫಜಲಪುರದ ಸೀಮೆಯಲ್ಲಿದ್ದರೆ, ಮಗಳನ್ನು ಆಳಂದಕ್ಕೆ ಕೊಟ್ಟಿದ್ದರೆ, ಸಂತೆ ಒಂದು ರಾಜ್ಯದಲ್ಲಿ ದವಾಖಾನೆ ಇನ್ನೊಂದರಲ್ಲಿ ಇದ್ದರೆ, ಅವನ ದಿನಚರಿಯೇ ಗಡಿ ದಾಟುವ ದಿನಚರಿ. ಕಾಗದದ ಮೇಲಿನ ಷರತ್ತನ್ನು ಊರಿನ ಫೌಜದಾರರು ವಿವೇಕದಿಂದ ಓದುತ್ತಾರೆ. ಹೊಲಕ್ಕೆ ಹೋಗಿಬಂದವನನ್ನು ಪರಾರಿಯಾದನೆನ್ನುವುದಿಲ್ಲ. ನಕ್ಷೆಯ ಮೇಲೆ ಎಳೆದ ಬೇಲಿಗೆ ಆ ವಿವೇಕವಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ಗೆರೆಯನ್ನು ಅದು ಮೀಟರಿನ ಲೆಕ್ಕದಲ್ಲಿ ಪಾಲಿಸುತ್ತದೆ. ಷರತ್ತು ಹಾಕುವ ನ್ಯಾಯಾಧೀಶರು ಆ ನೆಲದ ಬದುಕನ್ನು ತಿಳಿದು ಬೇಲಿಯ ಆಕಾರವನ್ನು ಹೇಳಬೇಕಾಗುತ್ತದೆ, ಮತ್ತು ಆಸಾಮಿಯ ಪರ ವಕೀಲರು ಅದನ್ನು ಕೇಳಿ ಪಡೆಯಬೇಕಾಗುತ್ತದೆ.

ಮೈಗೆ ಸಾಧನ ಕಟ್ಟುವುದು ಹೊಸದಾದರೂ ಚಲನವಲನದ ಮೇಲೆ ಕಣ್ಣಿಡುವುದು ಈ ಸೀಮೆಗೆ ಹೊಸದಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಸಾರಿತು. ಮುಂಬಯಿ ಇಲಾಖೆಯಲ್ಲಿ ಸೊಲ್ಲಾಪುರ, ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಅವರಿಗಾಗಿ ತಂತಿಬೇಲಿಯ ವಸಾಹತುಗಳನ್ನು ಕಟ್ಟಲಾಯಿತು. ಕೈಕಾಡಿ, ಪಾರಧಿ, ಹರಣಶಿಕಾರಿ ಮೊದಲಾದ ಸಮುದಾಯಗಳ ಗಂಡಸರು ಹೆಂಗಸರು ಹೊತ್ತು ಹೊತ್ತಿಗೆ ಹಾಜರಿ ಕೊಡಬೇಕಿತ್ತು, ಹೊರಗೆ ಹೋಗಲು ಪಾಸು ಪಡೆಯಬೇಕಿತ್ತು. ಸ್ವಾತಂತ್ರ್ಯಾನಂತರ, 1952ರ ಆಗಸ್ಟ್ 31ರಂದು ಆ ಕಾಯಿದೆ ದೇಶದಾದ್ಯಂತ ರದ್ದಾಯಿತು. ಆದರೆ ಸೊಲ್ಲಾಪುರದಲ್ಲಿ, ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ‘ಸೆಟ್ಲಮೆಂಟ್’ ಎಂಬ ಬಡಾವಣೆಯ ಹೆಸರು ಇಂದಿಗೂ ಬಳಕೆಯಲ್ಲಿದೆ. ಕಾಯಿದೆ ಹೋದ ಮೇಲೆ ಬಂದ ರೂಢಿಗತ ಅಪರಾಧಿಗಳ ಕಾನೂನುಗಳು ಇದೇ ಸಮುದಾಯಗಳ ಮೇಲೆ ಹೇಗೆ ಬೀಳುತ್ತಿವೆಯೆಂಬುದನ್ನು ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರಿನಲ್ಲಿ, ಸೆರೆಮನೆಗಳೊಳಗಿನ ಜಾತಿಭೇದದ ತೀರ್ಪಿನಲ್ಲಿ, ಎತ್ತಿ ಹೇಳಿದೆ. ಸಂಶಯ ಮೊದಲು ಯಾರ ಮೇಲೆ ಬೀಳುತ್ತದೆಯೋ ಸಾಧನವೂ ಮೊದಲು ಅವರ ಕಾಲಿಗೇ ಬೀಳುವ ಸಂಭವವಿದೆ ಎಂಬ ಆತಂಕಕ್ಕೆ ಈ ಚರಿತ್ರೆಯ ಬೆಂಬಲವಿದೆ.

ಖಾಸಗಿತನವು ಮೂಲಭೂತ ಹಕ್ಕೆಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ಪ್ರಕರಣ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರ ಹೆಸರಿನದು. ಆ ಹಕ್ಕಿಗೆ ಮಿತಿ ಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕಟ್ಟುಪಾಡಿರಬೇಕು ಎಂಬ ಅಳತೆಗೋಲನ್ನು ಆ ತೀರ್ಪು ಕೊಟ್ಟಿತು. ವಿಚಾರಣಾಧೀನನ ಕಾಲಿಗೆ ಕಡಗ ತೊಡಿಸುವ ಬಗ್ಗೆ ಸಂಸತ್ತು ಮಾಡಿದ ವಿವರವಾದ ಕಾನೂನು ಇಲ್ಲ. ಜಮ್ಮುವಿನಲ್ಲಿ ನಡೆದದ್ದು ಒಂದು ನ್ಯಾಯಾಲಯದ ಆದೇಶದಿಂದ. ದೆಹಲಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಪರಿಶೀಲಿಸಿದ್ದು ನಕ್ಷೆಯ ಗುರುತನ್ನು, ಕಡಗವನ್ನಲ್ಲ. ಆದರೂ ಅಲ್ಲಿ ಹೇಳಿದ ತತ್ತ್ವವನ್ನು ಕಡಗಕ್ಕೆ ಅನ್ವಯಿಸಿದರೆ ಮೊದಲ ಮೆಟ್ಟಿಲಲ್ಲೇ ತೊಡಕು ಎದುರಾಗುತ್ತದೆ. ಕಲೆಹಾಕಿದ ತಾಣಗಳನ್ನು ಎಷ್ಟು ಕಾಲ ಇಡಬೇಕು, ಯಾರು ನೋಡಬಹುದು, ಖುಲಾಸೆಯಾದವನ ದಾಖಲೆ ಅಳಿಯುವುದೇ, ಸುಳ್ಳು ಎಚ್ಚರಿಕೆಗೆ ಹೊಣೆ ಯಾರು, ಬಾಡಿಗೆ ಯಾರು ತೆರಬೇಕು ಎಂಬುದಕ್ಕೆಲ್ಲ ಉತ್ತರ ಬರೆದಿರುವ ಕಾನೂನು ಬೇಕು. ಮಾದರಿ ಕಾಯಿದೆ ‘ಸಮ್ಮತಿ’ಯ ಮಾತನ್ನಾಡುತ್ತದೆ. ಒಪ್ಪದಿದ್ದರೆ ರಜೆಯಿಲ್ಲ ಎಂಬ ಸ್ಥಿತಿಯಲ್ಲಿ ಕೈದಿ ಕೊಡುವ ಸಮ್ಮತಿಗೆ ಎಷ್ಟು ಬೆಲೆ ಎಂಬುದನ್ನು ಆ ಕಾಯಿದೆಯನ್ನು ಅಂಗೀಕರಿಸುವ ರಾಜ್ಯಗಳ ಶಾಸಕರೂ, ಮುಂದೆ ಅದನ್ನು ಪರೀಕ್ಷಿಸುವ ನ್ಯಾಯಾಲಯಗಳೂ ತೀರ್ಮಾನಿಸಬೇಕಾಗಿದೆ.